ಆಲ್ಸಿದ್‌ನನ್ನು ಖುದ್ದು ಹಾಜರಾಗಲು ಹೇಳಿದ್ದೀರಂತೆ

ಮಾನ್ಯ ವಸಾಹತು ಕಾರ್ಯದರ್ಶಿಗಳೇ,

ಆನ್ಸ್ ಗ್ರೀಸ್ ಎಂಬ ನಮ್ಮ ಕಡಲತಡಿಯ ಊರಿನ ಆಲ್ಸಿದ್ ಎಂಬಾತ ಬರುವ ಸೋಮವಾರ ಬೆಳಿಗ್ಗೆ ಪಟ್ಟಣದ ಭೂ ಕಚೇರಿಗೆ ಖುದ್ದಾಗಿ ಹಾಜರಾಗಿ ತನ್ನ ಜೀಗುಜ್ಜೆ ಮರದ ಮೇಲಿನ ಹಕ್ಕನ್ನು ಸಾಬೀತುಪಡಿಸಬೇಕು, ತಪ್ಪಿದಲ್ಲಿ ಸದರಿ ಮರವನ್ನು ಕಡಿಯಲಾಗುವುದು ಎಂದು ತಾವು ಸಹಿ ಮಾಡಿದ ನೋಟೀಸು ನಮ್ಮೂರ ರಮ್ ಅಂಗಡಿಯ ಬಾಗಿಲಿಗೆ ಅಂಟಿಕೊಂಡಿದೆ. ಆಲ್ಸಿದ್ ಸತ್ತು ಹದಿನೈದು ವರ್ಷಗಳಾದವು. ಪನಾಮಾದಲ್ಲಿ ಕಾಲುವೆ ತೋಡುತ್ತಿದ್ದಾಗ, ಗುಡ್ಡ ಸಿಡಿಸಲು ಇಟ್ಟ ಮದ್ದು ಹೇಳದೆ ಕೇಳದೆ ಸಿಡಿದು ತೀರಿಹೋದ. ಹೂಳಲು ಅವನ ಒಂದು ಬೆರಳೂ ಸಿಗಲಿಲ್ಲ. ಅಂಥವನನ್ನು ಕಚೇರಿಯ ವೇಳೆಯಲ್ಲಿ, ಗುರುತಿನ ದಾಖಲೆ ಸಮೇತ ಬಾ ಎನ್ನುತ್ತಿದ್ದೀರಿ. ಯೇಸುಸ್ವಾಮಿ ಲಾಜರನನ್ನು ಸಮಾಧಿಯಿಂದ ಎಬ್ಬಿಸಿದಾಗಲೂ ದಾಖಲೆ ಕೇಳಿರಲಿಲ್ಲ.

ಆಮೇಲೆ ಅದರ ಕೆಳಗೆ ಎರಡನೆಯ ನೋಟೀಸೂ ಅಂಟಿಕೊಂಡಿದೆ. ಆಲ್ಸಿದ್‌ನ ತಾಯಿ ಜೆಫ್ರಿನ್ ಮತ್ತು ಶವಪೆಟ್ಟಿಗೆ ಮಾಡಿ ಮಾರುವ ನಾನು, ಇಬ್ಬರೂ ಸೇರಿ ದೊರೆಯವರ ಜನ್ಮದಿನದಂದು ಸರ್ಕಾರದ ಗಡಿಯನ್ನು ಅಪಹರಿಸಿದ್ದೇವೆ ಎಂಬ ಆರೋಪ. ನಾನು ಕೋಳಿ ಕದ್ದವರನ್ನು ಕಂಡಿದ್ದೇನೆ, ದೋಣಿ ಕದ್ದವರನ್ನು ಕಂಡಿದ್ದೇನೆ, ಪಾದ್ರಿಯ ಛತ್ರಿ ಕದ್ದು ಅದೇ ಛತ್ರಿ ಹಿಡಿದುಕೊಂಡು ಪೂಜೆಗೆ ಬಂದ ಮಹಾನುಭಾವನನ್ನೂ ಕಂಡಿದ್ದೇನೆ. ಗಡಿ ಕದ್ದವರ ಸುದ್ದಿ ಮಾತ್ರ ಇದೇ ಮೊದಲು. ನಮ್ಮ ದ್ವೀಪದಲ್ಲಿ ಇದುವರೆಗೆ ಆ ಕಸುಬು ಹಡಗಿನಲ್ಲಿ ಬಂದವರದಾಗಿತ್ತು. ಈಗ ಸ್ಥಳೀಯರಿಗೂ ಅವಕಾಶ ಸಿಕ್ಕಿದೆ ಎಂದು ಹೆಮ್ಮೆ ಪಡಬೇಕೋ ಏನೋ. ಎರಡೂ ವಿಷಯಗಳಿಗೆ ಉತ್ತರವನ್ನು ನೇರವಾಗಿ ತಮಗೆ ಕಳಿಸದೆ ಪತ್ರಿಕೆಗೆ ಕೊಡುತ್ತಿದ್ದೇನೆ, ಕ್ಷಮಿಸಿ. ತಮ್ಮ ಕಚೇರಿಗೆ ಬರೆದ ಪತ್ರಕ್ಕೂ ನನ್ನ ಪೆಟ್ಟಿಗೆಗೆ ಹಾಕಿದ ಗಿರಾಕಿಗೂ ಒಂದೇ ಗತಿ. ಒಳಗೆ ಹೋದದ್ದು ಹೊರಗೆ ಬಂದ ಉದಾಹರಣೆ ಇಲ್ಲ.

ಮೊದಲು ತಮ್ಮ ನೇಮಕಾತಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ರೋಗದ ಬೇರು ಅಲ್ಲಿದೆ. ಕಳೆದ ವರ್ಷ ಭೂ ಅಭಿವೃದ್ಧಿ ಅಧಿಕಾರಿ ಎಂಬ ಹೊಸ ಹುದ್ದೆಯನ್ನು ತಾವು ಸೃಷ್ಟಿಸಿದಿರಿ. ಅಭ್ಯರ್ಥಿಗೆ 'ಸ್ಥಳೀಯ ನೆಲದ ಆಳವಾದ ಅರಿವು' ಇರಬೇಕೆಂದು ಪ್ರಕಟಣೆಯಲ್ಲಿತ್ತು. ಈ ಊರಿನ ನೆಲವನ್ನು ಆರಡಿ ಆಳದವರೆಗೆ ಬಲ್ಲವನು ನಾನೊಬ್ಬನೇ ಎಂಬ ಧೈರ್ಯದಿಂದ ಅರ್ಜಿ ಹಾಕಿದೆ. 'ಅರ್ಜಿದಾರರಿಗೆ ಸ್ಥಳೀಯರ ಪರಿಚಯ ವಿಪರೀತವಾಗಿರುವುದರಿಂದ ನಿಷ್ಪಕ್ಷಪಾತಕ್ಕೆ ಧಕ್ಕೆ ಬರಬಹುದು' ಎಂದು ಉತ್ತರ ಬಂತು. ಅಂತೂ ಯಾರ ಪರಿಚಯವೂ ಇಲ್ಲದ, ದ್ವೀಪವನ್ನು ಭೂಪಟದಲ್ಲಿಯೂ ಕಂಡಿರದ ಒಬ್ಬ ತರುಣನನ್ನು ನೇಮಿಸಿದಿರಿ. ಆತನಿಗೆ ಪರಿಚಯವಿದ್ದದ್ದು ಒಬ್ಬರೇ, ನಮ್ಮ ನ್ಯಾಯಾಧೀಶರ ಪತ್ನಿ. ಆಕೆ ಆತನ ಸೋದರತ್ತೆ. ಅದು ಸ್ಥಳೀಯ ಪರಿಚಯವಲ್ಲ, ಸರಿ. ಇದಕ್ಕೂ ಮೊದಲು ಆತ ಒಂದು ವಸಾಹತಿನಲ್ಲಿ ಉಷ್ಟ್ರಪಕ್ಷಿ ಸಾಕಣೆಯ ಅಧಿಕಾರಿಯಾಗಿದ್ದನಂತೆ, ಇನ್ನೊಂದರಲ್ಲಿ ದೀಪಸ್ತಂಭಗಳ ಮೇಲ್ವಿಚಾರಕ. ಮೊದಲನೆಯ ಕಡೆ ಈಗ ಉಷ್ಟ್ರಪಕ್ಷಿಗಳಿಲ್ಲ. ಎರಡನೆಯ ಕಡೆ ಹಡಗುಗಳು ಹಗಲಿನಲ್ಲಿ ಮಾತ್ರ ಓಡಾಡುತ್ತವೆ ಎಂದು ನಾವಿಕರು ಹೇಳುತ್ತಾರೆ. ಇಷ್ಟು ಅನುಭವವಿದ್ದವನಿಗೆ ನಮ್ಮ ನೆಲ ಯಾವ ಲೆಕ್ಕ?

ನ್ಯಾಯವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಹುಡುಗ ಕೆಟ್ಟವನಲ್ಲ. ಎದುರಾದವರಿಗೆ ಟೋಪಿ ತೆಗೆಯುತ್ತಾನೆ, ನಾಯಿಗಳ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ, ಬಿಸಿಲಿಗೆ ಬೆಂದು ಬೇಯಿಸಿದ ಏಡಿಯ ಬಣ್ಣಕ್ಕೆ ತಿರುಗಿದರೂ ಗೊಣಗುವುದಿಲ್ಲ. ಆತನ ಮೇಲೆ ನನಗೆ ಸಿಟ್ಟಿಲ್ಲ. ಈಜು ಬಾರದವನನ್ನು ನೀರಿಗೆ ತಳ್ಳಿದವರ ಮೇಲೆ ಸಿಟ್ಟು.

ಆತನ ಕೈಗೆ ತಾವು ಕೊಟ್ಟ ಯೋಜನೆ ಹೀಗಿದೆ. ಆನ್ಸ್ ಗ್ರೀಸ್‌ನ ಕಬ್ಬಿನ ತೋಟ ದಿವಾಳಿಯೆದ್ದು ಅದರ ನೆಲವೆಲ್ಲ ದೊರೆಯ ಖಾತೆಗೆ ಬಂತು. ಆ ನೆಲದ ಮೇಲೆ ನಮ್ಮ ಊರಿದೆ. ನಮ್ಮ ಅಜ್ಜ ಅಜ್ಜಿಯರು ಗುಲಾಮಗಿರಿಯಿಂದ ಬಿಡುಗಡೆಯಾದ ದಿನದಿಂದ ಇದೆ. ಸಮುದ್ರದ ಕಡೆಯ ಭಾಗದಲ್ಲಿ 'ಸಾರ್ವಜನಿಕ ವಿಹಾರ ಬಯಲು' ಮಾಡಬೇಕು, ಬ್ಯಾಂಡು ಬಾರಿಸಲು ಕಟ್ಟೆ, ಟೆನಿಸ್ ಆಡಲು ಹುಲ್ಲುಹಾಸು, ಅಧಿಕಾರಿಗೆ ಬಂಗಲೆ. ಗುಡ್ಡದ ಕಡೆಯ ಭಾಗವನ್ನು ಊರವರಿಗೆ ಹಕ್ಕುಪತ್ರ ಸಮೇತ ಕೊಡಬೇಕು. ಎರಡರ ನಡುವೆ ಒಂದು ಗೆರೆ. ಸಾರ್ವಜನಿಕ ಎಂಬ ಪದವನ್ನು ಕೇಳಿ ನಾವೂ ಹಿಗ್ಗಿದೆವು. ಆ ಸಾರ್ವಜನಿಕರು ಯಾರು ಎಂದು ವಿಚಾರಿಸಿದಾಗ ಬೂಟು ಮತ್ತು ಟೆನಿಸ್ ಬ್ಯಾಟು ಇರುವವರು ಎಂದು ತಿಳಿಯಿತು. ನಮ್ಮೂರಲ್ಲಿ ಬೂಟು ಇರುವವನು ನಾನೊಬ್ಬ, ಅದೂ ಶವಯಾತ್ರೆಗೆ ಮಾತ್ರ. ಬ್ಯಾಟು ಯಾರ ಬಳಿಯೂ ಇಲ್ಲ.

ಗೆರೆ ಎಳೆಯಲು ಅಧಿಕಾರಿ ಊರಿಗೆ ಬಂದ ದಿನ ನಾನು ಜೆಫ್ರಿನ್‌ಳ ಮನೆಯ ಮುಂದೆಯೇ ಇದ್ದೆ. ಅವಳನ್ನು ಊರೆಲ್ಲ ತಾಂತ್ ಎನ್ನುತ್ತದೆ, ಅಂದರೆ ಅತ್ತೆ. ನನಗೆ ಇನ್ನೂ ಒಂದು ಕೈ ಹೆಚ್ಚು, ಜ್ಞಾನಸ್ನಾನದ ದಿನ ನನ್ನನ್ನು ಎತ್ತಿ ಹಿಡಿದ ಧರ್ಮತಾಯಿ ಅವಳು. ಬಿಸಿಲಲ್ಲಿ ತತ್ತರಿಸುತ್ತಿದ್ದ ಹುಡುಗನನ್ನು ಕಂಡು ಕರೆದು ಕೂರಿಸಿ, ಜಾಯಿಕಾಯಿ ತೇಯ್ದ ಕೋಕೋ ಚಹಾ ಕೊಟ್ಟಳು, ಸುಟ್ಟ ಜೀಗುಜ್ಜೆ ಕೊಟ್ಟಳು, ಉಪ್ಪುಮೀನು ಕೊಟ್ಟಳು. ಹೊಟ್ಟೆ ತುಂಬಿದ ಮೇಲೆ ಆತನಿಗೆ ಕರ್ತವ್ಯ ನೆನಪಾಯಿತು. ಮನೆಯ ಮುಂದೆ, ಸಮುದ್ರದ ಕಡೆಗೆ ನಿಂತಿದ್ದ ಜೀಗುಜ್ಜೆ ಮರವನ್ನು ತೋರಿಸಿ ಕೇಳಿದ:

"ಈ ಮರ ಯಾರಿಗೆ ಸೇರಿದ್ದು, ಅಮ್ಮಾ?"

"ಯಾರಿಗೂ ಸೇರಿದ್ದಲ್ಲ ಮಗಾ. ಅದು ಆಲ್ಸಿದ್."

"ಆಲ್ಸಿದ್ ಎಂದರೆ?"

"ನನ್ನ ಮಗ. ಇದ್ದೋನೊಬ್ಬ."

"ಅವರು ಈಗ ಎಲ್ಲಿದ್ದಾರೆ?"

"ಇಲ್ಲೇ ಇದಾನಲ್ಲಪ್ಪ," ಎಂದು ತಾಂತ್ ಮರದ ಬೊಡ್ಡೆ ತಟ್ಟಿದಳು. "ಪನಾಮಾಕ್ಕೂ ಹೋದ. ಬೇಡ ಅಂದೆ, ಕೇಳಲಿಲ್ಲ."

"ಮರಳಿ ಬರುವುದು ಯಾವಾಗ?"

"ಹೋಗಿದ್ದು ಬರಲ್ಲ. ಇಲ್ಲಿರೋದು ಎಲ್ಲೂ ಹೋಗಲ್ಲ. ನೀನು ಇನ್ನೊಂದು ಲೋಟ ಕುಡಿ, ಆರೋಗತ್ತೆ."

ಆತ ಕುಡಿದ. ಕುಡಿದು ತನ್ನ ಕಾಗದದಲ್ಲಿ, 'ಮರ: ಆಲ್ಸಿದ್ ಎಂಬುವರ ಸ್ವತ್ತು, ಮಾಲೀಕರು ಪನಾಮಾ ಪ್ರವಾಸದಲ್ಲಿದ್ದಾರೆ' ಎಂದು ಬರೆದುಕೊಂಡ. ಎತ್ತು ಕರು ಹಾಕಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರ ಕತೆ ಕೇಳಿದ್ದೆ. ತಾವು ಆ ಕರುವಿಗೆ ನೋಟೀಸನ್ನೂ ಕಳಿಸಿದಿರಿ.

ತಮ್ಮ ಅವಗಾಹನೆಗೆ ತರುತ್ತೇನೆ. ನಮ್ಮಲ್ಲಿ ಮಗು ಹುಟ್ಟಿದರೆ ಅದರ ಹೊಕ್ಕುಳಬಳ್ಳಿಯನ್ನು ಮನೆಯ ಹತ್ತಿರ ಹೂತು ಅದರ ಮೇಲೆ ಒಂದು ಸಸಿ ನೆಡುತ್ತಾರೆ. ತೆಂಗೋ ಮಾವೋ ಜೀಗುಜ್ಜೆಯೋ, ಅಪ್ಪ ಅಮ್ಮನ ಇಷ್ಟ. ಅಲ್ಲಿಂದ ಆ ಮರವೂ ಮಗುವೂ ಒಂದೇ. ಮರಕ್ಕೆ ಹುಳ ಬಿದ್ದರೆ ಮಗುವಿಗೆ ಜ್ವರ ಬಂತೇನೋ ಎಂದು ಹಣೆ ಮುಟ್ಟಿ ನೋಡುತ್ತೇವೆ. ಮಗ ಹಡಗು ಹತ್ತಿದರೆ ಮರಕ್ಕೆ ನೀರು ಹಾಕುತ್ತೇವೆ. ತಾವು ಇದನ್ನು ಮೂಢನಂಬಿಕೆ ಎನ್ನುತ್ತೀರಿ. ಸಮುದ್ರದಾಚೆ ಕೂತಿರುವ, ನಾವ್ಯಾರೂ ಕಣ್ಣಿಂದ ಕಾಣದ ಒಬ್ಬ ಮನುಷ್ಯನಿಗೆ ಈ ದ್ವೀಪದ ಪ್ರತಿಯೊಂದು ಗುಡ್ಡ, ಹಳ್ಳ, ಏಡಿಯ ಬಿಲವೂ ಸೇರಿದ್ದು ಎಂದು ತಾವು ನಂಬುತ್ತೀರಲ್ಲ, ಅದಕ್ಕೆ ಏನೆನ್ನುತ್ತಾರೆ? ನಮ್ಮ ನಂಬಿಕೆಯಲ್ಲಿ ಕನಿಷ್ಠ ಹಣ್ಣಾದರೂ ಬಿಡುತ್ತದೆ.

ಆಲ್ಸಿದ್ ಸತ್ತ ಸುದ್ದಿಯನ್ನು ಅವನ ಜೊತೆ ಹೋಗಿದ್ದ ಮೀನುಗಾರ ಫುಲ್ಜಾನ್ಸ್ ತಂದ. ಆತನ ಬಗ್ಗೆ ಮುಂದೆ ಹೇಳುವುದಿದೆ. ಪಾದ್ರಿಯವರು ನನ್ನನ್ನು ಕರೆಸಿ, ಒಂದು ಪೆಟ್ಟಿಗೆ ಮಾಡು, ಅವನ ಬಟ್ಟೆಗಳನ್ನಿಟ್ಟು ಹೂಳೋಣ, ತಾಯಿಗೆ ಸಮಾಧಾನವಾಗುತ್ತದೆ ಎಂದರು. ಆಲ್ಸಿದ್ ನನಗಿಂತ ಮೂರು ವರ್ಷ ಚಿಕ್ಕವನು. ಅವನಿಗೆ ಈಜು ಕಲಿಸಿದವನು ನಾನು. ಅವನ ಎತ್ತರ ನನಗೆ ಅಳೆಯದೆಯೇ ಗೊತ್ತಿತ್ತು. ಒಳ್ಳೆಯ ಮರದಲ್ಲಿ ಪೆಟ್ಟಿಗೆ ಮಾಡಿ ತಲೆಯ ಮೇಲೆ ಹೊತ್ತು ತಂದೆ. ತಾಂತ್ ಬಾಗಿಲಲ್ಲೇ ತಡೆದಳು.

"ಇದೇನೋ ಆಕ್ಟೇವ್?"

"ಪಾದ್ರಿಗಳು ಹೇಳಿದ್ರು ತಾಂತ್. ಅವನ ಬಟ್ಟೆ ಇಟ್ಟು..."

"ಬಟ್ಟೆ ಹೂಳ್ತೀಯ? ನನ್ನ ಮಗ ಅಂದ್ರೆ ಬಟ್ಟೆಯೇನೋ? ಅವನು ಹುಟ್ಟಿದ ದಿನವೇ ಅವನ್ನ ಈ ಮಣ್ಣಿಗೆ ಕೊಟ್ಟಾಗಿದೆ. ನನ್ನ ಕೈಯಾರೆ ಗುಂಡಿ ತೋಡಿದೀನಿ. ಒಬ್ಬನ್ನ ಎರಡು ಸಲ ಹೂಳ್ತಾರಾ? ತಗೊಂಡು ಹೋಗು. ಯಾರಾದರೂ ಬಡವರು ಸತ್ತರೆ ಕೊಡು."

ನನ್ನ ಕಸುಬಿನಲ್ಲಿ ಮನೆಯಿಂದ ವಾಪಸು ಬಂದ ಪೆಟ್ಟಿಗೆ ಅದೊಂದೇ. ಆವತ್ತಿನಿಂದ ಸತ್ತವರ ಹಬ್ಬದ ಸಂಜೆ ಊರೆಲ್ಲ ಸ್ಮಶಾನದಲ್ಲಿ ಮೊಂಬತ್ತಿ ಹಚ್ಚುವಾಗ ತಾಂತ್ ಜೀಗುಜ್ಜೆ ಮರದ ಬುಡದಲ್ಲಿ ಹಚ್ಚುತ್ತಾಳೆ. ತಾನು ಸತ್ತಾಗ ಅಲ್ಲೇ, ಮಗನ ಪಕ್ಕದಲ್ಲೇ ಮಲಗಿಸಬೇಕೆಂದು ನನ್ನಿಂದ ಮಾತು ತೆಗೆದುಕೊಂಡಿದ್ದಾಳೆ. ತಾವು ಬ್ಯಾಂಡು ಬಾರಿಸಲು ಆರಿಸಿಕೊಂಡಿರುವ ಜಾಗ ಅದು.

ಈಗ ಗಡಿಯ ಮಾತು. ಗೆರೆಯ ಗುರುತಿಗೆ ಬಾಂದುಕಲ್ಲು ನೆಡಬೇಕಿತ್ತು. ಕಲ್ಲುಗಳನ್ನು ಇಂಗ್ಲೆಂಡಿನಿಂದ ತರಿಸಲಾಗುತ್ತಿದೆ ಎಂದು ಅಧಿಕಾರಿ ಹೇಳಿದ. ಜ್ವಾಲಾಮುಖಿ ಉಗುಳಿದ ದ್ವೀಪದಲ್ಲಿ, ಒಂದು ಹಿಡಿ ಗೆಣಸು ನೆಡಬೇಕಾದರೆ ಒಂದು ಬುಟ್ಟಿ ಕಲ್ಲು ಹೆಕ್ಕಬೇಕಾದ ದ್ವೀಪದಲ್ಲಿ, ಕಲ್ಲಿಗಾಗಿ ಹಡಗು ಕಾಯುತ್ತಿದ್ದೀರಿ. ಇರಲಿ. ಅಲ್ಲಿಯವರೆಗೆ ಎಂದು ಆತ ಗೆಜೆಟ್‌ನಲ್ಲಿ ಹಾಕಿಸಿದ ಮಾತುಗಳು ಇವು: 'ಜೆಫ್ರಿನ್ ಎಂಬುವರ ಮನೆಯ ಬಾಗಿಲಿನಿಂದ ಶವಪೆಟ್ಟಿಗೆ ವ್ಯಾಪಾರಿ ಲಾಬಾಡಿಯವರ ಮನೆಯ ಬಾಗಿಲಿನವರೆಗೆ ಎಳೆದ ನೇರ ಗೆರೆಯೇ ಗಡಿ. ಅದರ ಸಮುದ್ರದ ಕಡೆಯದು ಸರ್ಕಾರಕ್ಕೆ, ಗುಡ್ಡದ ಕಡೆಯದು ಗ್ರಾಮಸ್ಥರಿಗೆ.' ಗವರ್ನರ್ ಸಭೆ ಒಪ್ಪಿತು. ತಾವು ಸಹಿ ಮಾಡಿದಿರಿ. ಜೀಗುಜ್ಜೆ ಮರ ಸಮುದ್ರದ ಕಡೆಗೆ ಬಿತ್ತು.

ಗೆಜೆಟ್ ಓದಿ ನಾನು ಅಧಿಕಾರಿಯನ್ನು ಕೇಳಿದೆ. ನನ್ನ ಅಂಗಡಿಗೆ ಬಂದಿದ್ದ, ಟೆನಿಸ್ ಬಲೆಗೆ ಗೂಟ ಮಾಡಿಸಲು. ಫುಲ್ಜಾನ್ಸ್ ಕೂಡ ಅಲ್ಲೇ ಕೂತು ಬಲೆ ಹೆಣೆಯುತ್ತಿದ್ದ, ಅದು ಮೀನಿನ ಬಲೆ.

"ಸ್ವಾಮೀ, ಗಡಿಗೆ ಮನೆಗಳನ್ನ ಗುರುತು ಮಾಡಿದೀರಲ್ಲ, ಪಕ್ಕದಲ್ಲೇ ಮರ ಇತ್ತಲ್ಲ?"

"ಮರ ಒಂದು ದಿನ ಬೀಳಬಹುದು, ಮಿಸ್ಟರ್ ಲಾಬಾಡಿ," ಎಂದ ಆತ, ಪಾಠ ಹೇಳುವ ಹಾಗೆ. "ಮನೆಯಾದರೆ ಸ್ಥಿರ."

ಫುಲ್ಜಾನ್ಸ್ ಜೋರಾಗಿ ಕೆಮ್ಮುತ್ತಾ ಎದ್ದು ಹೊರಗೆ ಹೋದ. ಗೋಡೆಯ ಆಚೆಯಿಂದ ಬಹಳ ಹೊತ್ತು ಕೆಮ್ಮು ಕೇಳುತ್ತಿತ್ತು.

ಮಾನ್ಯರೇ, ನಮ್ಮ ಮನೆಗಳು ಸ್ಥಿರವಲ್ಲ. ಇದು ಈ ದ್ವೀಪದ ಕತ್ತೆಗೂ ಗೊತ್ತು. ಹಲಗೆಯ ಗೋಡೆ, ತಗಡಿನ ಸೂರು, ಅಡಿಪಾಯವಿಲ್ಲದೆ ನಾಲ್ಕಾರು ಕಲ್ಲುಗುಂಡುಗಳ ಮೇಲೆ ಸುಮ್ಮನೆ ಕೂರಿಸಿದ ಮನೆ. ಬೇಕೆಂದಾಗ ಎತ್ತಿ ಹೊತ್ತುಕೊಂಡು ಹೋಗಬಹುದು. ಇದನ್ನು ನಾವು ಶೋಕಿಗೆ ಕಲಿತದ್ದಲ್ಲ. ಗುಲಾಮಗಿರಿ ಮುಗಿದಾಗ ತೋಟದ ದೊರೆಗಳು ನಮ್ಮ ಹಿರಿಯರಿಗೆ ಹೇಳಿದರು: ಮನೆ ನಿಮ್ಮದು, ನೆಲ ನಮ್ಮದು, ನೆಲಕ್ಕೆ ಮೊಳೆ ಹೊಡೆದರೆ ಜೋಕೆ, ಹೋಗು ಅಂದ ದಿನ ಎತ್ತಿಕೊಂಡು ಹೋಗಬೇಕು. ಅದನ್ನೇ ತಾವು ಕಾನೂನು ಮಾಡಿ, 'ಬಾಡಿಗೆದಾರನು ತನ್ನ ಮನೆಯನ್ನು ಯಾವ ಸಮಯದಲ್ಲಾದರೂ ಸಾಗಿಸಲು ಅರ್ಹನು' ಎಂದು ಬರೆದಿರಿ. ನಮ್ಮನ್ನು ಓಡಿಸಲು ಅನುಕೂಲವಾಗಲಿ ಎಂದು ಮಾಡಿದ ಕಾನೂನು ಅದು. ಅದರಲ್ಲಿ ಮನೆಯನ್ನು ಗುಡ್ಡದ ಕಡೆಗೆ ಮಾತ್ರ ಸಾಗಿಸಬೇಕು, ಸಮುದ್ರದ ಕಡೆಗೆ ಸಾಗಿಸಕೂಡದು ಎಂದು ಎಲ್ಲಿಯೂ ಇಲ್ಲ. ನಾನು ಎರಡು ಸಲ ಓದಿ ನೋಡಿದ್ದೇನೆ.

ಉಪಾಯ ನನ್ನದಲ್ಲ. ರಮ್ ಅಂಗಡಿಯ ಮುಂದೆ ಊರೆಲ್ಲ ಸೇರಿ ಮೊದಲ ನೋಟೀಸನ್ನು, ಮರದ್ದನ್ನು, ನೋಡುತ್ತಿತ್ತು. ಅರ್ಜಿ ಕೊಡೋಣ ಎಂದರು ಕೆಲವರು, ಪಾದ್ರಿಯವರಿಗೆ ಹೇಳಿಸೋಣ ಎಂದರು ಕೆಲವರು. ತಾಂತ್ ಎಲ್ಲರ ಮಾತನ್ನೂ ಕೇಳಿಸಿಕೊಂಡಳು. ಕೊನೆಗೆ ಕೇಳಿದಳು:

"ಆಕ್ಟೇವ್, ಮರ ಗಡಿಯಿಂದ ಈಚೆ ಇದ್ದಿದ್ರೆ ಕಡೀತಿರಲಿಲ್ವಾ?"

"ಇಲ್ಲ ತಾಂತ್. ಈಚೆ ಇದ್ದಿದ್ದು ನಮ್ಮದು."

"ಮರಕ್ಕೆ ಈಚೆ ಬರೋಕಾಗಲ್ಲ. ಗಡಿಗೆ ಆಚೆ ಹೋಗೋಕಾಗಲ್ವೇನೋ?"

ಊರವರು ನಮ್ಮಿಬ್ಬರ ಮನೆಗಳತ್ತ ತಿರುಗಿ ನೋಡಿದರು. ಆಮೇಲೆ ಫುಲ್ಜಾನ್ಸ್ ಕೇಳಿದ, "ರಮ್ ಯಾರು ಕೊಡಿಸ್ತೀರಿ?"

ಅದು ನಮ್ಮಲ್ಲಿಯ ಪದ್ಧತಿ. ಮನೆ ಎತ್ತುವವರಿಗೆ ಕೂಲಿ ಕೊಡುವ ಹಾಗಿಲ್ಲ, ರಮ್ ಕೊಡಬೇಕು, ಅನ್ನ ಹಾಕಬೇಕು. ದಾರಿಯುದ್ದಕ್ಕೂ ಸುತ್ತು ಬರುತ್ತದೆ. ರಮ್ ಮುಗಿದ ಕಡೆ ಮನೆ ಇಳಿಯುತ್ತದೆ, ಮಾಲೀಕ ಬೊಬ್ಬೆ ಹಾಕಿದರೂ ಅಷ್ಟೇ. ಆದ್ದರಿಂದ ದೂರ ನೋಡಿಕೊಂಡು ರಮ್ ತರಬೇಕು. ನಾನು ಧಾರಾಳವಾಗಿಯೇ ತಂದೆ.

ದೊರೆಯವರ ಜನ್ಮದಿನದಂದು ದ್ವೀಪದ ಅಧಿಕಾರಿಗಳೆಲ್ಲ ಬಿಳಿ ಸಮವಸ್ತ್ರ ತೊಟ್ಟು ಪಟ್ಟಣದಲ್ಲಿ ಕವಾಯತು ಮಾಡುತ್ತಿದ್ದಿರಿ. ನಾವೂ ದೊರೆಯ ನಿಷ್ಠಾವಂತ ಪ್ರಜೆಗಳು, ನಮಗೆ ತಿಳಿದ ರೀತಿಯಲ್ಲಿ ಆಚರಿಸಿದೆವು. ಬೆಳಿಗ್ಗೆ ಪೂಜೆ ಮುಗಿಸಿ, ಡೋಲು ಬಾರಿಸುತ್ತಾ, ಎಲ್ಲರ ಕಣ್ಣೆದುರಿಗೇ ತಾಂತ್‌ಳ ಮನೆಯ ಕೆಳಗೆ ಅಡ್ಡೆಗಳನ್ನು ತೂರಿಸಿದೆವು. ಮೊದಲ ತೊಡಕು ತಾಂತ್‌ಳದ್ದೇ. ಮನೆಯಿಂದ ಇಳಿಯಲು ಒಪ್ಪಲಿಲ್ಲ.

"ಇಳಿ ತಾಂತ್, ಭಾರ ಆಗತ್ತೆ," ಎಂದ ಫುಲ್ಜಾನ್ಸ್.

"ನಾನೇನು ನಿಮ್ಮಪ್ಪನ ದೋಣಿಯೇನೋ ಭಾರ ಆಗೋಕೆ? ಒಲೆ ಮೇಲೆ ಸಾರು ಕುದೀತಿದೆ. ನಾನು ಇಳಿದ್ರೆ ಅದನ್ನ ಯಾರು ನೋಡ್ಕೋತಾರೆ?"

"ಸಾರನ್ನೂ ಇಳಿಸು."

"ಅರ್ಧ ಬೆಂದಿದ್ದನ್ನ ಇಳಿಸ್ತಾರಾ? ಎತ್ರೋ, ಕೈಲಾಗದವರು ಮಾತು ಜಾಸ್ತಿ ಆಡ್ತಾರೆ!"

ಎತ್ತಿದರು. ಮನೆ, ಮಂಚ, ಮೇರಿಮಾತೆಯ ಪಟ, ಇದ್ದಿಲೊಲೆ, ಒಲೆಯ ಮೇಲೆ ಸಾರು, ಸಾರಿನ ಮುಂದೆ ಸೌಟು ಹಿಡಿದ ತಾಂತ್. ಫುಲ್ಜಾನ್ಸ್ ಹಾಡು ಹೇಳಿದ, ಉಳಿದವರು ಹೂಂಕರಿಸಿದರು, ಕಿಟಕಿಯಿಂದ ತಾಂತ್ ಬೈದಳು. ಸೂರಿನ ಅಂಚು ಜೀಗುಜ್ಜೆ ಮರದ ಒಂದು ಕೊಂಬೆಗೆ ಸಿಕ್ಕಿಕೊಂಡಿತು. ಯಾರೋ ಕತ್ತಿ ತೆಗೆದ. ಆಗ ಒಳಗಿನಿಂದ ಬಂದ ಕೂಗನ್ನು ನಾನು ಮರೆಯುವುದಿಲ್ಲ.

"ಅವನ ಕೈ ಮುಟ್ಟಬೇಡ್ರೋ!"

ಡೋಲು ನಿಂತಿತು. ಕತ್ತಿ ತೆಗೆದವನು ಅದನ್ನು ನೆಲಕ್ಕಿಟ್ಟು ಟೋಪಿ ತೆಗೆದ. ಫುಲ್ಜಾನ್ಸ್‌ನ ಕಣ್ಣಲ್ಲಿ ನೀರಿತ್ತು; ಆವತ್ತು ಪನಾಮಾದ ಗುಡ್ಡದಲ್ಲಿ ಆಲ್ಸಿದ್‌ನ ಹೆಸರು ಕೂಗಿ ಕೂಗಿ ಹುಡುಕಿದವನು ಅವನು. ಮನೆಯನ್ನು ಹಿಂದಕ್ಕೆ ಸರಿಸಿ, ಮರವನ್ನು ದೊಡ್ಡದಾಗಿ ಸುತ್ತು ಹಾಕಿ, ಆಗಲೇ ಕಟ್ಟಿ ಮುಗಿದಿದ್ದ ಅಧಿಕಾರಿಯ ಬಂಗಲೆಯನ್ನು ಬಳಸಿಕೊಂಡು ಹೋದೆವು. ಸುತ್ತು ಹಾಕಿದ್ದರಿಂದ ದಾರಿ ಉದ್ದವಾಯಿತು, ಬಂಗಲೆಯ ಆಚೆಗಿನ ಟೆನಿಸ್ ಹುಲ್ಲುಹಾಸಿನ ನಟ್ಟನಡುವೆ ರಮ್ ಮುಗಿಯಿತು. ಮನೆ ಇಳಿಯಿತು. ಊಟ ಮುಗಿಸಿ ನನ್ನ ಮನೆಯನ್ನೂ ತಂದು ಅದರ ಸಾಲಿನಲ್ಲೇ ಇಟ್ಟರು, ಒಳಗೆ ಮಾರಾಟವಾಗದ ಪೆಟ್ಟಿಗೆಗಳ ಸಮೇತ. ಅಷ್ಟರಲ್ಲಿ ಎರಡನೆಯ ಪೀಪಾಯಿಯೂ ಖಾಲಿ. ದೊರೆಯವರ ಆರೋಗ್ಯಕ್ಕೆಂದೇ ಕುಡಿದೆವು, ಬೇಕಾದರೆ ವಿಚಾರಿಸಿ.

ಸಂಜೆ ಅಧಿಕಾರಿ ಕತ್ತಿ ಸಿಕ್ಕಿಸಿಕೊಂಡು, ಗರಿಯ ಟೋಪಿ ಹಾಕಿಕೊಂಡು ಕುದುರೆಯ ಮೇಲೆ ಮರಳಿದ. ತನ್ನ ಟೆನಿಸ್ ಅಂಗಳದಲ್ಲಿ ಹೊಗೆಯಾಡುತ್ತಿದ್ದ ಮನೆಯನ್ನು ಕಂಡು ಕುದುರೆಯಿಂದ ಇಳಿಯುವುದನ್ನೇ ಮರೆತ.

"ಅಮ್ಮಾ, ತಾವು ಸ್ಥಳ ಬದಲಿಸಿದ್ದೀರಿ."

"ನಾನೆಲ್ಲಿ ಹೋದೆ ಮಗಾ? ಬೆಳಿಗ್ಗೆಯಿಂದ ಮನೆಯಿಂದ ಕಾಲು ಹೊರಗಿಟ್ಟಿಲ್ಲ. ಇವರನ್ನೇ ಕೇಳು."

"ಆದರೆ ಇದು ಸರ್ಕಾರಿ ಹುಲ್ಲುಹಾಸು!"

"ಬಾಗಿಲಿಂದ ಆಚೆಯದು ಸರ್ಕಾರದ್ದು ಅಂತ ನೀನೇ ಬರೆದಿದೀಯಂತಲ್ಲ. ಬಾಗಿಲು ಇಲ್ಲಿದೆ ನೋಡು. ನಿನ್ನ ಬಂಗಲೆ ನಮ್ಮ ಕಡೆ ಬಿದ್ದಿದೆ, ಪಾಪ. ಹೆದರಬೇಡ, ನಾವು ಯಾರನ್ನೂ ಎತ್ತಿಕೊಂಡು ಹೋಗು ಅನ್ನಲ್ಲ. ಬಾ, ಕೋಕೋ ಕುಡಿ."

ಕುಡಿದ, ಹೇಳಲೇಬೇಕು. ಕೆನ್ನೆ ಕೆಂಪಗಾಗಿತ್ತು, ಆದರೆ ಕುಡಿದ. ಮಾರನೆಯ ದಿನ ತಮಗೆ ದೂರು ಬರೆದ. ಉಂಡೂ ಹೋದ, ಕೊಂಡೂ ಹೋದ ಎನ್ನುವುದು ಇದಕ್ಕೇ.

ಇದು ನಡೆದದ್ದು. ಇದರಲ್ಲಿ ಕಳವು ಎಲ್ಲಿದೆ? ಗಡಿಯನ್ನು ನಾವು ಮುಟ್ಟಿಲ್ಲ. ಬಾಗಿಲಿನಿಂದ ಬಾಗಿಲಿಗೆ ಎಂದು ತಾವು ಬರೆದಿರಿ, ಈಗಲೂ ಅದು ಬಾಗಿಲಿನಿಂದ ಬಾಗಿಲಿಗೇ ಇದೆ. ಕಾನೂನು ಕೊಟ್ಟ ಹಕ್ಕಿನಂತೆ ನಾವು ಮನೆ ಸಾಗಿಸಿದೆವು. ಗಡಿ ತಾನಾಗಿ ನಮ್ಮ ಹಿಂದೆ ನಡೆದು ಬಂತು. ಸಾಕಿದ ನಾಯಿ ಬಂದ ಹಾಗೆ ಬಂದರೆ ನಾವೇನು ಮಾಡೋಣ? ಗವರ್ನರ್ ಸಭೆ ಒಪ್ಪಿದ ಗಡಿಯನ್ನು ಗವರ್ನರ್ ಸಭೆಯೇ ಬದಲಿಸಬೇಕು, ಗವರ್ನರ್ ರಜೆಯ ಮೇಲೆ ಸ್ಕಾಟ್ಲೆಂಡಿನಲ್ಲಿದ್ದಾರೆ. ಅಲ್ಲಿಯವರೆಗೆ ಆ ಬಂಗಲೆ, ಬ್ಯಾಂಡು ಕಟ್ಟೆಯ ಶಂಕುಸ್ಥಾಪನೆಯ ಕಲ್ಲು, ಮತ್ತು ಆ ಜೀಗುಜ್ಜೆ ಮರ, ಮೂರೂ ಆನ್ಸ್ ಗ್ರೀಸ್ ಗ್ರಾಮಸ್ಥರದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ತಾವು ನೆಲವನ್ನು ಬಿಟ್ಟು ಮನೆ ಡೊಂಕು ಎನ್ನುತ್ತಿದ್ದೀರಿ.

ಆದರೂ ನಾವು ದುರಾಸೆಯವರಲ್ಲ. ತಮಗೂ ನಮಗೂ ಮರ್ಯಾದೆ ಉಳಿಯುವ ದಾರಿ ಇದೆ. ಮನೆಗಳನ್ನು ನಾವು ಹಿಂದಕ್ಕೆ ಒಯ್ಯುತ್ತೇವೆ. ರಮ್ ಸರ್ಕಾರ ಕೊಡಿಸಬೇಕು, ಅದು ಪದ್ಧತಿ. ಬಂಗಲೆ ಇಟ್ಟುಕೊಳ್ಳಿ, ಹುಲ್ಲುಹಾಸು ಇಟ್ಟುಕೊಳ್ಳಿ, ಶಂಕುಸ್ಥಾಪನೆಯ ಕಲ್ಲನ್ನು ಬೇಕಾದರೆ ಇಂಗ್ಲೆಂಡಿಗೆ ಕಳಿಸಿ. ಗಡಿಯ ಗುರುತಾಗಿ ಮಾತ್ರ ಆ ಜೀಗುಜ್ಜೆ ಮರವನ್ನು ಬರೆಯಿರಿ, ಮರ ಈಚೆಗೆ, ನಮ್ಮ ಕಡೆಗೆ ಇರುವ ಹಾಗೆ. ಭೂ ಅಭಿವೃದ್ಧಿ ಅಧಿಕಾರಿಯ ಹುದ್ದೆಗೂ ಅದನ್ನೇ ನೇಮಿಸಬಹುದು ಎಂದು ನನ್ನ ವಿನಮ್ರ ಸಲಹೆ. ಸ್ಥಳೀಯ ನೆಲದ ಆಳವಾದ ಅರಿವಿದೆ. ರಜೆ ಕೇಳುವುದಿಲ್ಲ. ಯಾರ ಹೆಂಡತಿಗೂ ಸಂಬಂಧವಿಲ್ಲ. ಎಷ್ಟೋ ವರ್ಷಗಳಿಂದ ಊರಿಗೆ ಅನ್ನ ಹಾಕಿಯೂ ಒಂದು ದಿನವೂ ಬಡ್ತಿ ಕೇಳಿಲ್ಲ.

ಇಲ್ಲಿಯವರೆಗಿನದು ತಮಾಷೆ ಎಂದು ತಾವು ಬದಿಗಿಡಬಹುದು. ಇನ್ನೊಂದು ಮಾತನ್ನು ಬದಿಗಿಡಬೇಡಿ. ತಾಂತ್‌ಗೆ ಓದಲು ಬರುವುದಿಲ್ಲ. ನೋಟೀಸನ್ನು ಅವಳಿಗೆ ಓದಿ ಹೇಳಿದವನು ನಾನು. 'ಆಲ್ಸಿದ್ ಖುದ್ದು ಹಾಜರಾಗಬೇಕು' ಎಂಬಲ್ಲಿಗೆ ಬಂದಾಗ ಅವಳು ತಡೆದು ಕೇಳಿದಳು: "ಸರ್ಕಾರಕ್ಕೆ ಏನಾದ್ರೂ ಗೊತ್ತಾಗಿದೆಯೇನೋ ಆಕ್ಟೇವ್? ಪನಾಮಾದಿಂದ ಏನಾದ್ರೂ ಸುದ್ದಿ? ಸುಮ್ಮನೆ ಕರೀತಾರಾ?" ಅವನು ಬದುಕಿರಬಹುದು ಎಂದು ಅವಳಿಗೆ ಅನ್ನಿಸಿತು, ಮಾನ್ಯರೇ. ಹದಿನೈದು ವರ್ಷಗಳ ನಂತರ, ತಮ್ಮ ಸಹಿಯಿಂದ. ಇಲ್ಲ ತಾಂತ್, ಅವರಿಗೇನೂ ಗೊತ್ತಿಲ್ಲ ಎಂದು ಹೇಳಬೇಕಾಯಿತು. ನನ್ನ ಕಸುಬಿನವನಿಗೆ ಸಾವಿನ ಸುದ್ದಿ ಹೇಳಿ ಅಭ್ಯಾಸವಿರುತ್ತದೆ. ಒಬ್ಬನದೇ ಸಾವನ್ನು ಒಬ್ಬಳೇ ತಾಯಿಗೆ ಎರಡನೆಯ ಸಲ ಹೇಳಿ ಅಭ್ಯಾಸವಿರಲಿಲ್ಲ. ನನಗೆ ಆ ಕೆಲಸ ಕೊಟ್ಟದ್ದಕ್ಕೆ ತಮ್ಮನ್ನು ನಾನು ಕ್ಷಮಿಸುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಒಂದೇ. ಸೋಮವಾರದ ವಿಚಾರಣೆ ಪಟ್ಟಣದಲ್ಲಿ ಬೇಡ, ಆನ್ಸ್ ಗ್ರೀಸ್‌ನಲ್ಲಿ, ಆ ಮರದ ಬುಡದಲ್ಲಿ ನಡೆಯಲಿ. ಪಕ್ಷಗಾರನಿಗೆ ನಡೆದು ಬರಲು ಆಗುವುದಿಲ್ಲ. ತಾವೇ ದಯಮಾಡಿಸಿ. ತಮ್ಮ ಮೇಜು ಕುರ್ಚಿಗಳನ್ನು ಹೊತ್ತು ತರಲು ನಾವಿದ್ದೇವೆ, ಮನೆ ಹೊತ್ತವರಿಗೆ ಅದು ಯಾವ ಭಾರ? ತಾಂತ್ ಬೆಳಿಗ್ಗೆಯೇ ಚರ್ಚಿಗೆ ಹೋಗುವ ಟೋಪಿ ಹಾಕಿಕೊಂಡು ಮರಕ್ಕೆ ಒರಗಿ ಕೂತಿರುತ್ತಾಳೆ. ತಾವು ಎದುರು ನಿಂತು, ನಿಯಮದ ಪ್ರಕಾರ ಆಲ್ಸಿದ್‌ನ ಹೆಸರನ್ನು ಮೂರು ಸಲ ಕೂಗಬೇಕು. ಕೂಗಿದ ಮೇಲೆ ಅವಳ ಮುಖ ನೋಡಿಕೊಂಡು 'ಗೈರುಹಾಜರು' ಎಂದು ಬರೆಯಲು ತಮ್ಮ ಕೈ ಏಳುವುದಾದರೆ, ಬರೆಯಿರಿ. ಕೊಡಲಿಯನ್ನು ನಾನೇ ತಂದುಕೊಡುತ್ತೇನೆ.

ಇಂತಿ,
ಇಂದಲ್ಲ ನಾಳೆ ತಮ್ಮ ಅಳತೆಯನ್ನೂ ತೆಗೆದುಕೊಳ್ಳಬೇಕಾದವನು,
ಆಕ್ಟೇವ್ ಲಾಬಾಡಿ
ಶವಪೆಟ್ಟಿಗೆ ವ್ಯಾಪಾರಿ, ಭೂ ಅಭಿವೃದ್ಧಿ ಅಧಿಕಾರಿ ಹುದ್ದೆಯ ತಿರಸ್ಕೃತ ಅಭ್ಯರ್ಥಿ
ಸದ್ಯದ ವಿಳಾಸ: ಸರ್ಕಾರಿ ಟೆನಿಸ್ ಹುಲ್ಲುಹಾಸು, ಆನ್ಸ್ ಗ್ರೀಸ್